ಹಸಿವಿಲ್ಲವೆಂಬ ಮಾತು

ನಾನು ಚಿಕ್ಕವಳಿದ್ದಾಗ ಅಪ್ಪ ನಮ್ಮನ್ನೆಲ್ಲ ಹಂಪಸಾಗರದಿಂದ ಹಗರಿಬೊಮ್ಮನಹಳ್ಳಿಯ ಸಂತೆಗೆ ಕರೆದೊಯ್ಯುತ್ತಿದ್ದರು. ಸಂತೆ ಮುಗಿದ ಮೇಲೆ ಮಂಡಕ್ಕಿ-ಮಿರ್ಚಿ ತಿನ್ನದೆ ಬಸ್ಸು ಹತ್ತಿದ ನೆನಪೇ ಇಲ್ಲ. ನಾವು ಅಂಗಡಿಯ ಬೆಂಚಿನ ಮೇಲೆ ಕೂತು ತಿನ್ನುವಾಗ ಅವ್ವ ಚೀಲ ಕಾಯುತ್ತ ಹೊರಗೇ ನಿಂತಿರುತ್ತಿದ್ದಳು. ಕರೆದರೆ, “ನನಗ ಹಸಿವಿಲ್ಲ, ನೀವು ತಿನ್ರಿ” ಎನ್ನುತ್ತಿದ್ದಳು. ನಸುಕಿನಲ್ಲೆದ್ದು ಎಲ್ಲರಿಗೂ ರೊಟ್ಟಿ ಬಡಿದು ಬಂದವಳಿಗೆ ಇಳಿಹೊತ್ತಾದರೂ ಹೇಗೆ ಹಸಿವಾಗದು ಎಂದು ನಮಗಾರಿಗೂ ಹೊಳೆಯಲಿಲ್ಲ. ಆಗಿನ ಹೋಟೆಲುಗಳಲ್ಲಿ ಹೆಂಗಸರಿಗೆಂದು ಪರದೆ ಕಟ್ಟಿದ ‘ಫ್ಯಾಮಿಲಿ ರೂಮ್’ ಇರುತ್ತಿತ್ತು. ಗಂಡಸರು ಜೊತೆಗಿಲ್ಲದೆ ಅಲ್ಲಿಗೂ ಕಾಲಿಡುವ ರೂಢಿ ನಮ್ಮ ಕಡೆ ಇರಲಿಲ್ಲ.

ಇದೆಲ್ಲ ನೆನಪಾದದ್ದು ಕಳೆದ ಬೇಸಿಗೆ ರಜೆಯಲ್ಲಿ, ಬೆಂಗಳೂರಿನ ತಂಗಿಯ ಮನೆಗೆ ಹೋದಾಗ. ಅವಳು ಕೆಲಸಕ್ಕೆ ಹೋಗಿದ್ದಳು. ನಾನೊಬ್ಬಳೇ ಗಾಂಧಿ ಬಜಾರಿನ ಜನಜಂಗುಳಿಯಲ್ಲಿ ಹೂವು, ಹಣ್ಣು ಕೊಂಡು ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಹುಡುಕಿಕೊಂಡು ನಡೆದೆ. 1965ರಿಂದ ನಡೆದುಬಂದ ಪುಟ್ಟ ಅಂಗಡಿ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ. ಪಟ್ಟಿ ಹೆಚ್ಚುಕಡಿಮೆ ಅಷ್ಟೇ. ಸಾಂಬಾರಿಲ್ಲ, ಚಟ್ನಿ ಮಾತ್ರ ಕೇಳಿದಷ್ಟೂ ಸುರಿಯುತ್ತಾರೆ. ಕುರ್ಚಿ ಮೇಜಿನ ಉಪಚಾರವಿಲ್ಲ, ನಿಂತೇ ತಿನ್ನಬೇಕು. ಹೆಸರಿನಲ್ಲಿ ಜಾತಿಯಿದ್ದರೂ ಬೀದಿಯಂಚಿನಲ್ಲಿ ತಟ್ಟೆ ಹಿಡಿದು ನಿಂತವರ ಜಾತಿಯನ್ನು ಯಾರೂ ಕೇಳುವುದಿಲ್ಲ.

ತಟ್ಟೆ ಕೈಗೆ ಬಂದಾಗ, ಪರಿಚಿತರು ಯಾರಾದರೂ ನೋಡಿಯಾರೆಂದು ಸುತ್ತ ಕಣ್ಣಾಡಿಸಿದೆ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು, ನನ್ನದೇ ದುಡ್ಡಿನ ಇಡ್ಲಿಗೆ ಅಂಜುತ್ತಿದ್ದೆ! ಪಕ್ಕದಲ್ಲಿ ಆಫೀಸಿಗೆ ಹೊರಟ ಹುಡುಗಿಯೊಬ್ಬಳು ಎರಡನೇ ಸಲ ಚಟ್ನಿ ಕೇಳುತ್ತಿದ್ದಳು.

ಇರುವ ಒಂದೇ ರೊಟ್ಟಿಯನ್ನು ಮಗುವಿಗೆ ಕೊಟ್ಟು ತಾಯಿ ಹಸಿದಿದ್ದರೆ ಅದು ತ್ಯಾಗ. ಆದರೆ ಎಲ್ಲರಿಗೂ ಸಾಕಾಗುವಷ್ಟಿದ್ದಾಗಲೂ ಜನರ ಕಣ್ಣಿಗೆ ಹೆದರಿ ಬೇಡವೆಂದರೆ ಅದನ್ನೂ ತ್ಯಾಗವೆನ್ನಬೇಕೆ? ನಾವು ಎರಡಕ್ಕೂ ಒಂದೇ ಹೆಸರಿಟ್ಟು ಹೊಗಳುತ್ತ ಬಂದೆವು. ಹೊಗಳಿದವರು ಹೊಟ್ಟೆ ತುಂಬಿದವರೇ ಅಲ್ಲವೆ?

ಊರಿಗೆ ಮರಳಿದ ರಾತ್ರಿ ಸೊಸೆ ಎಲ್ಲರಿಗೂ ಬಡಿಸಿ ನಿಂತಳು. ಕರೆದರೆ, “ನನಗ ಹಸಿವಿಲ್ಲ ಅತ್ತಿ, ನೀವು ಉಣ್ರಿ” ಎಂದಳು. ಅದೇ ಮಾತು! ನಾಲ್ಕು ವರ್ಷದಿಂದ ಕೇಳುತ್ತಿದ್ದೆ, ಎಂಥ ಒಳ್ಳೆಯ ಸೊಸೆಯೆಂದು ಒಳಗೊಳಗೇ ಹಿಗ್ಗುತ್ತಿದ್ದೆ. ಅವ್ವನನ್ನು ಹೊರಗೆ ನಿಲ್ಲಿಸಿದ್ದು ಊರಿನ ರೂಢಿಯಾದರೆ, ಇವಳನ್ನು ನಿಲ್ಲಿಸಿದವಳು ನಾನೇ. ಎದ್ದು ಅವಳಿಗೂ ಒಂದು ತಟ್ಟೆ ಹಾಕಿ ಪಕ್ಕದಲ್ಲಿ ಕೂರಿಸಿಕೊಂಡೆ.

ಮುಂದಿನ ಸಂತೆಗೆ ನಾವಿಬ್ಬರೇ ಹೋದೆವು. ಮಿರ್ಚಿ ಅಂಗಡಿಯ ಬೆಂಚಿನ ಮೇಲೆ ಕೂತ ಸೊಸೆ ನನ್ನಂತೆಯೇ ಸುತ್ತ ನೋಡಿದಳು. ಅವ್ವನ ಪಾಲಿನ ತಟ್ಟೆಯನ್ನು ಕೊಡಲು ಇಂದು ಅವ್ವನಿಲ್ಲ. ಆದರೆ ಎರಡನೆಯ ಮಿರ್ಚಿಯನ್ನು ಸೊಸೆ ತಾನಾಗಿಯೇ ಕೇಳಿ ಹಾಕಿಸಿಕೊಂಡಳು.