ಹಿತ್ತಲ ಪತ್ರೆಯ ಕುರುಹು

ಇಷ್ಟಲಿಂಗಪೂಜೆಗೆ ಕುಳಿತ ಗೃಹಸ್ಥನ ಮುಂದೆ ವಿಭೂತಿ, ಅಗ್ಘವಣಿ, ಬಿಲ್ವಪತ್ರೆಗಳ ಬದಿಯಲ್ಲಿ ಒಂದು ಹಿಡಿ ತುಂಬೆಯ ಹೂವೂ ಇರುವುದುಂಟು. ಅದು ಕೊಂಡು ತಂದ ಹೂವಲ್ಲ. ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿಯೋ ಹಾಳುಗೋಡೆಯ ಬುಡದಲ್ಲಿಯೋ ತಾನಾಗಿ ಹುಟ್ಟಿ, ಮೊಳಕಾಲುದ್ದ ಬೆಳೆದು, ಹೂ ಬಿಟ್ಟು, ಒಣಗಿ ಹೋಗುವ ಸಣ್ಣ ಗಿಡದ ಹೂವು ಅದು. ಇಂಥ ಗಿಡಗಳ ಕಾಂಡವು ಬಲಿತು ಮರವಾಗುವುದಿಲ್ಲ, ಮೃದುವಾಗಿಯೇ ಇರುತ್ತದೆ. ಸಸ್ಯಶಾಸ್ತ್ರಜ್ಞರು ಇವನ್ನು ಮೂಲಿಕೆಗಳೆಂದು ಬೇರ್ಪಡಿಸುತ್ತಾರೆ. ಆಲವನ್ನು ನೆಟ್ಟವನ ಹೆಸರನ್ನು ಊರು ಮೂರು ತಲೆಮಾರು ನೆನೆಯುತ್ತದೆ. ತುಂಬೆ, ಒಂದೆಲಗ, ದೊಡ್ಡಪತ್ರೆ, ನೆಲನೆಲ್ಲಿಗಳ ಲೆಕ್ಕವನ್ನು ಯಾರೂ ಇಡುವುದಿಲ್ಲ. ಆದರೂ ಪೂಜೆಗೆ, ಊಟಕ್ಕೆ, ಮಕ್ಕಳ ಕೆಮ್ಮು ನೆಗಡಿಗೆ ದಿನದಿನವೂ ಒದಗುವವು ಇವೇ.

ಶರಣರು ಅರಿವು, ಕುರುಹು ಎಂಬ ಎರಡು ಮಾತುಗಳನ್ನು ಮತ್ತೆ ಮತ್ತೆ ಜೊತೆಗೂಡಿಸಿ ನುಡಿದಿದ್ದಾರೆ. ಕಣ್ಣಿಗೆ ಕಾಣುವ ಕುರುಹನ್ನು ಹಿಡಿದು ಕಾಣದ ಅರಿವಿಗೆ ನಡೆಯಬೇಕೆಂಬುದು ಅವರ ಮಾರ್ಗ. ಷಟ್‌ಸ್ಥಲಗಳಲ್ಲಿ ಮೂರನೆಯದಾದ ಪ್ರಸಾದಿಸ್ಥಲಕ್ಕೆ ಹೇಳಿರುವುದು ಅವಧಾನಭಕ್ತಿ. ಅಂದರೆ ಅರ್ಪಿಸುವ ಪದಾರ್ಥದಲ್ಲಿಯೂ ಸ್ವೀಕರಿಸುವ ಪ್ರಸಾದದಲ್ಲಿಯೂ ಎಚ್ಚರ ತಪ್ಪದಿರುವುದು. ಈ ಎಚ್ಚರವು ಪೂಜಾಗೃಹದ ಹೊಸ್ತಿಲಲ್ಲಿ ಆರಂಭವಾಗುವುದೆಂದು ಎಣಿಸುವವರು ಬಹಳ. ಅದು ಹಿತ್ತಲಿನಲ್ಲಿ, ಎಲೆಯನ್ನು ಕೀಳಲು ಕೈ ಚಾಚಿದಾಗಲೇ ಆರಂಭವಾಗಬೇಕಾದುದು. ಕೈಯಲ್ಲಿರುವ ಎಲೆ ಯಾವುದೆಂದು ತಿಳಿಯದವನು ಏನನ್ನು ಅರ್ಪಿಸಿದಂತಾಯಿತು?

ತುಂಬೆಯನ್ನೇ ತೆಗೆದುಕೊಳ್ಳಬಹುದು. ಅದರ ಕಾಂಡವನ್ನು ಬೆರಳುಗಳ ನಡುವೆ ಹೊರಳಿಸಿದರೆ ದುಂಡಗಿಲ್ಲ, ನಾಲ್ಕು ಮೂಲೆಯಾಗಿದೆ. ಎಲೆಗಳು ಎದುರುಬದುರಾಗಿ ಜೋಡಿಜೋಡಿಯಾಗಿ ಹುಟ್ಟುತ್ತವೆ. ಕಿರಿದಾಗಿ ನೀಳವಾಗಿ, ಮುಟ್ಟಿದರೆ ಒರಟಾಗಿರುತ್ತವೆ. ಗೆಣ್ಣಿನ ಸುತ್ತ ಬಟ್ಟಲಿನಂಥ ಹಸಿರು ಪುಷ್ಪಪಾತ್ರಗಳು ಗುಂಪುಗೂಡಿ ನಿಂತು, ಅವುಗಳಿಂದ ಬಿಳಿಯ ಹೂಗಳು ಹೊರಬರುತ್ತವೆ. ಹೂವಿಗೆ ಮೇಲೊಂದು ಕೆಳಗೊಂದು ತುಟಿ, ಕೆಳತುಟಿ ಅಗಲವಾದುದು. ತುಳಸಿ, ಕಾಮಕಸ್ತೂರಿ, ಮರುಗ, ದೊಡ್ಡಪತ್ರೆಗಳನ್ನು ಇದೇ ಕಣ್ಣಿನಿಂದ ನೋಡಿದರೆ ಅದೇ ಮೂಲೆಗಳ ಕಾಂಡ, ಅದೇ ಜೋಡಿ ಎಲೆ, ಅದೇ ಎರಡು ತುಟಿಯ ಹೂವು. ಇವೆಲ್ಲ ಒಂದೇ ಕುಲ. ಗಿಡಗಳ ಕುಲವನ್ನು ಹೀಗೆ ಹೂವಿನಲ್ಲಿ ಕಂಡುಹಿಡಿಯಬಹುದು; ಮನುಷ್ಯರ ಕುಲವನ್ನು ಕಂಡುಹಿಡಿಯಲು ಮೈಮೇಲೆ ಯಾವ ಗುರುತೂ ಇಲ್ಲದಿರುವುದನ್ನು ಶರಣರು ಎಂಟುನೂರು ವರ್ಷಗಳ ಹಿಂದೆಯೇ ಎತ್ತಿ ಆಡಿದರು.

ಆದರೆ ಒಂದೇ ಕುರುಹನ್ನು ನಂಬುವುದು ಸಲ್ಲದು. ಬೇಲಿಯಲ್ಲಿ ಹಬ್ಬುವ ಲಂಟಾನದ ಎಳೆಯ ಕಾಂಡಕ್ಕೂ ನಾಲ್ಕು ಮೂಲೆಗಳುಂಟು, ಎಲೆಗಳೂ ಜೋಡಿಯಾಗಿವೆ, ಉಜ್ಜಿದರೆ ಕಟುವಾದ ವಾಸನೆಯೂ ಇದೆ. ಅದು ಈ ಕುಲದ್ದಲ್ಲ, ದನಕರುಗಳಿಗೆ ವಿಷ. ಕಾಂಡ, ಎಲೆ, ವಾಸನೆ, ಹೂವು, ಕಾಯಿ ಈ ಐದೂ ಒಂದನ್ನೊಂದು ಒಪ್ಪಿದಾಗಲೇ ಗುರುತು ಗಟ್ಟಿಯಾಗುವುದು. ಹೂವಿಲ್ಲದ ಕಾಲದಲ್ಲಿ ಸಂಶಯ ಬಂದರೆ ಹೂ ಬಿಡುವವರೆಗೆ ಕಾಯುವುದೇ ಲೇಸು.

ಹೆಸರಿನಿಂದ ಬರುವ ಭ್ರಮೆ ಇನ್ನೊಂದು ಬಗೆಯದು. ಅಂಗಡಿಯಲ್ಲಿ ಬ್ರಾಹ್ಮಿಯೆಂದು ಕೇಳಿದರೆ ಒಬ್ಬನು ಒಂದೆಲಗವನ್ನು ಕೊಡುತ್ತಾನೆ, ಇನ್ನೊಬ್ಬನು ನೀರುಬ್ರಾಹ್ಮಿಯನ್ನು ಕೊಡುತ್ತಾನೆ. ಒಂದೆಲಗದ ಎಲೆ ಮೂತ್ರಪಿಂಡದ ಆಕಾರದ್ದು, ಅಂಚಿನಲ್ಲಿ ಸಣ್ಣ ಕಚ್ಚುಗಳು. ಪ್ರತಿಯೊಂದು ಎಲೆಯೂ ನೀಳವಾದ ತೊಟ್ಟಿನ ಮೇಲೆ ನಿಂತಿರುತ್ತದೆ. ಬಳ್ಳಿ ನೆಲದ ಮೇಲೆ ಹರಿದು ಗೆಣ್ಣು ಗೆಣ್ಣಿಗೆ ಬೇರು ಬಿಡುತ್ತದೆ. ನೀರುಬ್ರಾಹ್ಮಿಗೆ ತೊಟ್ಟಿಲ್ಲದ, ದಪ್ಪನೆಯ, ಚಿಕ್ಕ ಎಲೆಗಳು ಜೋಡಿಯಾಗಿ ಬರುತ್ತವೆ. ಹೂವು ಬಿಳುಪು ಅಥವಾ ತಿಳಿನೇರಳೆ. ಒಂದು ತಂಬುಳಿಗೆ ಒದಗುವ ಸೊಪ್ಪು, ಇನ್ನೊಂದು ಬಹಳ ಕಹಿಯಾದ ಮೂಲಿಕೆ. ಎರಡಕ್ಕೂ ಸಂಬಂಧವಿಲ್ಲ. ಹೆಸರನ್ನು ಉಚ್ಚರಿಸಿದ ಮಾತ್ರಕ್ಕೆ ವಸ್ತುವು ಕೈಸೇರಿತೆಂದು ತಿಳಿಯುವವರಿಗೆ ಈ ಎರಡು ಗಿಡಗಳು ಸಾಕಾದಷ್ಟು ಬುದ್ಧಿ ಹೇಳುತ್ತವೆ.

ಇಷ್ಟಕ್ಕೇ ನಿಂತಿದ್ದರೆ ನಷ್ಟ ಸಣ್ಣದು. ಉಮ್ಮತ್ತಿಯ ಮಾತು ಹಾಗಲ್ಲ. ತುತ್ತೂರಿಯಂಥ ಬಿಳಿಯ ಅಥವಾ ನೇರಳೆಯ ಹೂವು, ಮುಳ್ಳುಮುಳ್ಳಾದ ದುಂಡುಕಾಯಿ. ಶಿವನಿಗೆ ಪ್ರಿಯವಾದ ಹೂವೆಂದು ಜನ ಇದನ್ನು ಅರ್ಪಿಸುತ್ತ ಬಂದಿದ್ದಾರೆ. ಶಿವನಿಗೆ ಏರಿಸಿದ ಮೇಲೆ ಅದು ಪ್ರಸಾದವಾಯಿತಲ್ಲವೇ, ಪ್ರಸಾದಕ್ಕೆ ವಿಷವೆಲ್ಲಿಯದು ಎಂದು ವಾದಿಸುವ ಭಕ್ತರೂ ಇಲ್ಲದಿಲ್ಲ. ಉಮ್ಮತ್ತಿಯ ಬೀಜದಲ್ಲಿಯೂ ಎಲೆಯಲ್ಲಿಯೂ ಹೂವಿನಲ್ಲಿಯೂ ಅಟ್ರೋಪಿನ್, ಸ್ಕೋಪೊಲಮಿನ್ ಮೊದಲಾದ ವಿಷಗಳಿವೆ. ತಿಂದವನ ಬಾಯಿ ಒಣಗುತ್ತದೆ, ಕಣ್ಣಿನ ಪಾಪೆ ಅಗಲವಾಗುತ್ತದೆ, ಮೈ ಕಾಯುತ್ತದೆ, ಇಲ್ಲದುದು ಕಾಣಿಸಿ ಬಡಬಡಿಸುತ್ತಾನೆ. ಮಕ್ಕಳಾದರೆ ಪ್ರಾಣಕ್ಕೇ ಅಪಾಯ. ಹಾಲಾಹಲವು ಶಿವನ ಕಂಠದಲ್ಲಿ ನಿಂತಿತೆಂದು ಪುರಾಣ ಹೇಳುತ್ತದೆಯೇ ಹೊರತು ಭಕ್ತನ ಹೊಟ್ಟೆಯಲ್ಲಿ ನಿಲ್ಲುವುದೆಂದು ಹೇಳುವುದಿಲ್ಲ. ಅವಧಾನವನ್ನು ಬಿಟ್ಟು ಪ್ರಸಾದದ ಮಹಿಮೆಯನ್ನು ಮಾತ್ರ ಹಿಡಿಯುವುದು ಪ್ರಸಾದಿಯ ಲಕ್ಷಣವಲ್ಲ. ಮಕ್ಕಳಿರುವ ಮನೆಯ ಹಿತ್ತಲಿನಲ್ಲಿ ಉಮ್ಮತ್ತಿಯನ್ನು ಬೆಳೆಸದಿರುವುದೇ ಮೇಲು. ತಾನಾಗಿ ಹುಟ್ಟಿದ್ದರೆ ಕಾಯಿ ಕಟ್ಟುವ ಮೊದಲೇ ತೆಗೆಯತಕ್ಕದ್ದು.

ಹೊಲದ ಬದುಗಳಲ್ಲಿ ಇನ್ನೊಂದು ಮುಳ್ಳೆಲೆಯ ಕಳೆಯುಂಟು. ಹೂವು ಹಳದಿ, ಎಲೆಯ ನರಗಳು ಬಿಳಿ, ಮುರಿದರೆ ಹಳದಿಯ ರಸ ಒಸರುತ್ತದೆ. ಆರ್ಜಿಮೋನ್ ಎಂದು ಅದರ ಶಾಸ್ತ್ರೀಯ ಹೆಸರು. ಅದರ ಬೀಜಗಳು ದೂರದಿಂದ ಸಾಸಿವೆಯನ್ನು ಹೋಲುತ್ತವೆ. ಹತ್ತಿರದಿಂದ ನೋಡಿದರೆ ಸಾಸಿವೆ ನುಣುಪು, ಇದರ ಮೈ ಬಲೆಯಂತೆ ಒರಟು. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಯೊಡನೆ ಇದರ ಎಣ್ಣೆ ಬೆರೆತು, ಕಾಲು ಬಾತು ಹೃದಯ ಸೋಲುವ ರೋಗ ಹರಡಿ, 60ಕ್ಕಿಂತ ಹೆಚ್ಚು ಜನ ತೀರಿಕೊಂಡರು. ಧಾನ್ಯವನ್ನು ಮೊರದಲ್ಲಿ ಕೇರಿ, ಬೆರಳಿನಿಂದ ಹರಡಿ ನೋಡುತ್ತಿದ್ದ ಹಿರಿಯ ತಾಯಂದಿರ ಅಭ್ಯಾಸವು ವೃಥಾ ಶ್ರಮವಾಗಿರಲಿಲ್ಲ.

ಕಾಂಗ್ರೆಸ್ ಗಿಡವೆಂದು ಜನ ಕರೆಯುವ ಪಾರ್ಥೇನಿಯಂ ಕೂಡ ಇಂಥದೇ ಮೋಸಗಾರ. 1950ರ ದಶಕದ ನಡುವಿನಲ್ಲಿ ಪುಣೆಯ ಬಳಿ ಕಾಣಿಸಿಕೊಂಡು ದೇಶವೆಲ್ಲ ಹಬ್ಬಿದ ಈ ಕಳೆಯ ಎಳೆಯ ಗಿಡವು, ಸೀಳುಸೀಳಾದ ಎಲೆಗಳಿಂದ ಸೇವಂತಿಗೆಯ ಸಸಿಯಂತೆಯೋ ದವನದಂತೆಯೋ ತೋರುತ್ತದೆ. ಬರಿಗೈಯಿಂದ ಕಿತ್ತವರಲ್ಲಿ ಕೆಲವರಿಗೆ ಮೈ ತುರಿಸಿ ಚರ್ಮ ಕೆಡುತ್ತದೆ. ಇದನ್ನು ತಿನ್ನುವ ಮೆಕ್ಸಿಕೋ ದೇಶದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟುದೂ ಆಯಿತು. ಗಿಡವು ಮಾತ್ರ ಇನ್ನೂ ಹೋಗಿಲ್ಲ. ದವನಕ್ಕೆ ಬೂದುಬಣ್ಣದ ನವಿರೂ ಮನವನ್ನು ಹಿಡಿದು ನಿಲ್ಲಿಸುವ ಪರಿಮಳವೂ ಇದೆ. ಮೂಸಿದವನಿಗೆ ಮೋಸವಿಲ್ಲ.

ಇನ್ನು ಔಷಧದ ಮಾತು. ವೈದ್ಯ ಸಂಗಣ್ಣನೆಂಬ ಶರಣನ ವಚನಗಳಲ್ಲಿ ರೋಗ, ಮದ್ದು, ಪಥ್ಯಗಳು ಆಧ್ಯಾತ್ಮಕ್ಕೆ ಉಪಮೆಗಳಾಗಿ ಬರುತ್ತವೆ. ಶರಣಸಮೂಹದಲ್ಲಿ ವೈದ್ಯಕ್ಕೆ ಇಂಥ ಸ್ಥಾನವಿದ್ದುದರಿಂದಲೇ ಅದರಲ್ಲಿ ಅಸತ್ಯಕ್ಕೆ ಎಡೆಯಿರಬಾರದು. ಕಾಮಾಲೆಗೆ ನೆಲನೆಲ್ಲಿಯೆಂಬುದು ಮನೆಮನೆಯ ಮಾತು. ಬೆಟ್ಟದ ನೆಲ್ಲಿಯಂಥ ಪುಟ್ಟ ಎಲೆಗಳು, ಅವುಗಳ ಕೆಳಗೆ ಸಾಲಾಗಿ ಜೋತ ಕಾಳಿನಂಥ ಕಾಯಿಗಳು. ಇದನ್ನೇ ಹೋಲುವ ದಾಯಾದಿಗಳೂ ಎರಡು ಮೂರು ಇವೆ, ಒಂದರ ಕಾಯಿಯ ಮೈ ಗಂಟುಗಂಟಾಗಿರುತ್ತದೆ. 1988ರಲ್ಲಿ ಮದರಾಸಿನ ಸಂಶೋಧಕರು ಹೆಪಟೈಟಿಸ್ ಬಿ ಸೋಂಕನ್ನು ಹೊತ್ತವರಿಗೆ ನೆಲನೆಲ್ಲಿಯನ್ನು ಕೊಟ್ಟು, ಹಲವರಲ್ಲಿ ಗುಣ ಕಂಡಿತೆಂದು ಪ್ರಕಟಿಸಿದರು. ಅನಂತರ ಬೇರೆಡೆಗಳಲ್ಲಿ ನಡೆದ ಪರೀಕ್ಷೆಗಳಲ್ಲಿ ಆ ಫಲವು ಹಾಗೆಯೇ ದೊರೆಯಲಿಲ್ಲ. ಕಾಮಾಲೆಯು ಒಂದು ರೋಗದ ಹೆಸರಲ್ಲ, ಹಲವು ರೋಗಗಳ ಕುರುಹು; ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡರೂ ಕಣ್ಣು ಹಳದಿಯಾಗುತ್ತದೆ. ಕಣ್ಣು ಹಳದಿಯಾದ ಮಗನನ್ನು ಆಸ್ಪತ್ರೆಗೆ ಒಯ್ಯದೆ, ವಾರಗಟ್ಟಲೆ ಸೊಪ್ಪಿನ ರಸವನ್ನೇ ಕುಡಿಸುತ್ತ ಕುಳಿತ ತಂದೆಯ ನಂಬಿಕೆಯನ್ನು ಭಕ್ತಿಯೆಂದು ಕರೆಯಲಾಗದು.

ಬೆಳೆಸುವ ಕೆಲಸದಲ್ಲಿ ಸಂದೇಹಗಳು ಕಡಿಮೆ, ಸಂತೋಷ ಹೆಚ್ಚು. ತನ್ನ ಕೈಯಿಂದ ನೆಟ್ಟ ಗಿಡದ ಗುರುತು ಎಂದೂ ತಪ್ಪುವುದಿಲ್ಲ. ಒಂದೆಲಗಕ್ಕೆ ತೇವವೂ ಸ್ವಲ್ಪ ನೆರಳೂ ಬೇಕು. ಬೇರು ಬಿಟ್ಟ ಗೆಣ್ಣನ್ನು ಕತ್ತರಿಸಿ ಊರಿದರೆ ಸಾಕು. ಆದರೆ ತೇವವಿದೆಯೆಂದು ಬಚ್ಚಲ ನೀರು ಹರಿಯುವ ಕಡೆ ಹಾಕುವ ರೂಢಿಯನ್ನು ಬಿಡಬೇಕು. ಹಸಿಯಾಗಿ ತಿನ್ನುವ ಎಲೆಗೆ ಕೊಳೆನೀರು ಸೋಂಕಿದರೆ ಹೊಟ್ಟೆಯ ಹುಳುವೂ ವಿಷಮಜ್ವರವೂ ಜೊತೆಗೆ ಬರುತ್ತವೆ. ದೊಡ್ಡಪತ್ರೆಯದು ತದ್ವಿರುದ್ಧ ಸ್ವಭಾವ. ಅದರ ರಸಭರಿತ ಕಾಂಡಕ್ಕೆ ನೀರು ನಿಂತರೆ ಕೊಳೆತುಹೋಗುತ್ತದೆ. ಗೇಣುದ್ದದ ತುಂಡೊಂದನ್ನು ಮರಳು ಬೆರೆತ ಮಣ್ಣಿನಲ್ಲಿ ಚುಚ್ಚಿದರೆ ಕೆಲವೇ ದಿನಗಳಲ್ಲಿ ಬೇರೂರುತ್ತದೆ. ಅರಿಶಿನವನ್ನು ರೋಹಿಣಿ, ಮೃಗಶಿರ ಮಳೆಗಳ ಹೊತ್ತಿಗೆ, ಮೊಳಕೆಯ ಕಣ್ಣಿರುವ ಗಡ್ಡೆಯ ತುಂಡುಗಳಾಗಿ ಒಂದಡಿ ಅಂತರದಲ್ಲಿ ನೆಟ್ಟರೆ ಏಳರಿಂದ ಒಂಬತ್ತು ತಿಂಗಳಿಗೆ ಅಗೆಯಲು ಬರುತ್ತದೆ. ಎಲೆಗಳೆಲ್ಲ ಒಣಗಿದಾಗ ಗಿಡ ಸತ್ತಿತೆಂದು ಹೊಸಬರು ಮರುಗುತ್ತಾರೆ. ಅದರ ಜೀವವು ಆಗ ನೆಲದೊಳಗೆ ಕುಳಿತಿರುತ್ತದೆ. ದವನದ ಬೀಜವು ಬಹು ಸೂಕ್ಷ್ಮ, ನುಣುಪು ಮರಳಿನಲ್ಲಿ ಬೆರೆಸಿ ಚೆಲ್ಲಬೇಕು. ಕಾರ್ತಿಕದ ಸುಮಾರಿಗೆ ಬಿತ್ತಿದುದು ನಾಲ್ಕು ತಿಂಗಳಿಗೆ ಕೊಯ್ಲಿಗೆ ಬಂದು, ದವನದ ಹುಣ್ಣಿಮೆಗೆ ಹೊಂದಿಕೊಳ್ಳುತ್ತದೆ. ಇದನ್ನೆಲ್ಲ ಕ್ರಮವಾಗಿ ಕಲಿಸಲು ಬಾಗಲಕೋಟೆಯಲ್ಲಿ 2008ರಲ್ಲಿ ತೋಟಗಾರಿಕೆಯ ವಿಶ್ವವಿದ್ಯಾಲಯವೇ ಸ್ಥಾಪಿತವಾಗಿದೆ. ಬಸವಣ್ಣನವರು ಐಕ್ಯವಾದ ಕೂಡಲಸಂಗಮವು ಅದೇ ಜಿಲ್ಲೆಯಲ್ಲಿರುವುದು ನೆನೆಯತಕ್ಕ ಸಂಗತಿ.

ಪತ್ರೆ ಕೊಯ್ಯುವುದರಲ್ಲಿಯೂ ದಯೆಯುಂಟು, ನಿರ್ದಯೆಯುಂಟು. ಹೂವನ್ನು ಕಾಯಕವಾಗಿ ಮಾಡಿಕೊಂಡ ಹೂಗಾರ ಮಾದಯ್ಯನಂಥವರು ಗಿಡವನ್ನು ನಾಳೆಗೂ ಉಳಿಸಿಕೊಳ್ಳಬೇಕಾದವರು. ಬೇರುಸಹಿತ ಕಿತ್ತು ಕಂತೆ ಕಟ್ಟಿ ಮಾರುವವನಿಗೆ ಆ ಹಂಗಿಲ್ಲ. ನೆಲನೆಲ್ಲಿ, ತುಂಬೆಗಳಂಥ ಏಕವಾರ್ಷಿಕಗಳು ಬೀಜದಿಂದಲೇ ಮರಳಿ ಹುಟ್ಟಬೇಕು. ಬೀಜ ಉದುರುವ ಮೊದಲೇ ಇಡೀ ಗಿಡವನ್ನು ಕಿತ್ತರೆ ಮುಂದಿನ ವರ್ಷ ಆ ಬದು ಬರಿದು. ಒಂದೆಲಗದಲ್ಲಿ ಎಲೆಯನ್ನು ಮಾತ್ರ ಚಿವುಟಿದರೆ ಬಳ್ಳಿಗೆ ನೋವಿಲ್ಲದಂತೆ ಮತ್ತೆ ಚಿಗುರುತ್ತದೆ. ಹೊಲದ ಬದುವಿಗೂ ಈಗ ಕಳೆನಾಶಕವನ್ನು ಸಿಂಪಡಿಸುವ ಕಾಲವಾದುದರಿಂದ ಹೊರಗಿನ ತುಂಬೆಯನ್ನು ತರುವುದಕ್ಕಿಂತ ಮನೆಯಲ್ಲಿ ಬೆಳೆಸುವುದು ಆರೋಗ್ಯಕ್ಕೂ ಕ್ಷೇಮ.

ಮನೆಯೊಂದಕ್ಕೆ ಪೇಟೆಯಿಂದ ಸೊಸೆ ಬಂದಿರುವಳೆಂದು ಭಾವಿಸಬಹುದು. ಅತ್ತೆಗೆ ಕಣ್ಣು ಮಂಜಾಗಿದೆ. ಪತ್ರೆ ತರುವ ಕೆಲಸ ಸೊಸೆಯ ಪಾಲಿಗೆ ಬಂದಿದೆ. ಮೊದಲ ದಿನ ಅವಳು ತಂದುದು ಪಾರ್ಥೇನಿಯಂ ಹೂವು. ಅತ್ತೆ ಗದರಲಿಲ್ಲ, ತಟ್ಟೆಯನ್ನು ಬದಿಗಿಟ್ಟು, ಕೋಲೂರಿಕೊಂಡು ಹಿತ್ತಲಿಗೆ ನಡೆದು, ತುಂಬೆಯ ಕಾಂಡವನ್ನು ಸೊಸೆಯ ಬೆರಳಿಗೆ ಮುಟ್ಟಿಸಿ, “ಹೊರಳಿಸಿ ನೋಡವ್ವಾ, ಎಷ್ಟು ಮೂಲೆ ಅದಾವ? ಹೆಸರು ಆಮ್ಯಾಲೆ ಕೇಳೀಯಂತ” ಎಂದಳು. ಪೂಜೆಗೆ ಅಂದು ತಡವಾಯಿತು. ಗಿಡಗಳು ಒಣಗಿದ ಕಾಲಕ್ಕೆ ಅದೇ ಸೊಸೆ ತುಂಬೆಯ ಒಣಬಟ್ಟಲುಗಳನ್ನು ಅಂಗೈಮೇಲೆ ಉಜ್ಜಿ, ಬಟ್ಟಲೊಂದಕ್ಕೆ ನಾಲ್ಕರಂತೆ ಉದುರಿದ ಕಂದುಬೀಜಗಳನ್ನು ಅರಿವೆಯಲ್ಲಿ ಕಟ್ಟಿ ಜಂತಿಗೆ ಸಿಕ್ಕಿಸಿದಳು. ಅರ್ಧವನ್ನು ನೆರೆಮನೆಯವರು ಕೇಳಿಕೊಂಡು ಹೋದರು.