ಹುಡುಕಿ ಕೊಟ್ಟವರು, ಓದಿ ತಿಳಿದವರು

ಕಡತಗಳ ನಡುವೆ ಇಪ್ಪತ್ತು ವರ್ಷ ಕಳೆದ ಗುಮಾಸ್ತನಿಗೆ ತತ್ತ್ವವಿಚಾರ ಎಲ್ಲಿಯದು ಎಂದು ವಾಚಕರು ನಗಬಹುದು. ಆದರೆ ಕೆಲವು ಪ್ರಶ್ನೆಗಳು ಕಡತದೊಳಗಿನಿಂದಲೇ ಎದ್ದು ಬರುತ್ತವೆ.

ನಮ್ಮ ಮನೆಯಲ್ಲಿದ್ದುಕೊಂಡು ಎಂ.ಟೆಕ್. ಓದುತ್ತಿರುವ ಅಕ್ಕನ ಮಗ ಮೊನ್ನೆ ಭಾನುವಾರ ಒಂದು ಹೊಸ ಸಾಧನವನ್ನು ತೋರಿಸಿದ. ಅವನ ವಿಷಯ ಗೂಢಲಿಪಿಶಾಸ್ತ್ರ, ಅಂದರೆ ಕ್ರಿಪ್ಟೋಗ್ರಫಿ. ಊರಿನಲ್ಲಿರುವ ತಾಯಿಗೆ ನಾವು ಮೊಬೈಲಿನಿಂದ ಹಣ ಕಳಿಸಿದಾಗ ಅದನ್ನು ನಡುದಾರಿಯಲ್ಲಿ ಕಾಯುವ ಗಣಿತ ಇದೇ. ವಿಚಿತ್ರವೆಂದರೆ, ಗುಟ್ಟನ್ನು ಕಾಯುವ ಈ ವಿದ್ಯೆ ಮಾತ್ರ ಗುಟ್ಟಲ್ಲ. ಕೀಲಿಯೊಂದನ್ನುಳಿದು ಬೇರೆಲ್ಲವೂ ಶತ್ರುವಿಗೆ ತಿಳಿದರೂ ಬಾಧಕವಾಗಬಾರದೆಂದು ಕೆರ್ಕ್‌ಹಾಫ್ಸ್ ಎಂಬ ವಿದ್ವಾಂಸ 1883ರಲ್ಲಿಯೇ ಹೇಳಿದ್ದಾನೆ. ಆದ್ದರಿಂದ ಸಂಶೋಧಕರು ತಮ್ಮ ಪ್ರಬಂಧಗಳನ್ನು ಬಹಿರಂಗವಾಗಿ ಇಡುತ್ತಾರೆ. ಈ ಶಾಸ್ತ್ರದ ಅಂತರರಾಷ್ಟ್ರೀಯ ಸಂಘ 2000ದಿಂದ ನಡೆಸುತ್ತಿರುವ ‘ಇ-ಪ್ರಿಂಟ್’ ಭಂಡಾರಕ್ಕೆ 2024ರ ಒಂದೇ ವರ್ಷದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪ್ರಬಂಧಗಳು ಬಂದವು. ಸೇರಿಸುವ ಮೊದಲು ಮೇಲ್ನೋಟದ ಪರಿಶೀಲನೆ ಉಂಟು. ಗಣಿತ ಸರಿಯೆಂದು ಯಾರೂ ಮುದ್ರೆ ಒತ್ತುವುದಿಲ್ಲ.

ಇಷ್ಟನ್ನೆಲ್ಲ ಓದಿ ಮುಗಿಸುವುದು ಯಾವಾಗ? ಅದಕ್ಕೇ ಎಐ ಸಹಾಯಕನ ಕೈಗೆ ಈ ಸಾಧನ. ನಾವು ಪ್ರಶ್ನೆ ಕೇಳಿದರೆ ಸಾಕು. ಅದು ತಾನೇ ಭಂಡಾರವನ್ನು ಜಾಲಾಡಿ, ಶೀರ್ಷಿಕೆ, ಸಾರಾಂಶಗಳನ್ನು ನೋಡಿ, ಬೇಕಾದ ಪ್ರಬಂಧವನ್ನು ತರಿಸಿಕೊಂಡು ಉತ್ತರ ಬರೆದುಕೊಡುತ್ತದೆ. “ನೋಡಿ ಮಾಮ, ಒಂದು ವಾರದ ಕೆಲಸ ಐದು ನಿಮಿಷಕ್ಕೆ ಮುಗಿಯಿತು” ಎಂದ ಹುಡುಗ. “ಹಾಗಾದರೆ ಈ ಪ್ರಬಂಧಗಳನ್ನು ಓದಿದವರು ಯಾರಪ್ಪ?” ಎಂದೆ. ಅವನು ನಕ್ಕ. ನನಗೆ ನಗು ಬರಲಿಲ್ಲ.

ಕಾರಣವಿದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ವಿಧವೆಯ ಕುಟುಂಬ ಪಿಂಚಣಿಯ ಕಡತ ನನ್ನ ಮೇಜಿಗೆ ಬಂತು. ಹಳೆಯ ಕಡತವೊಂದರ ಟಿಪ್ಪಣಿಯಲ್ಲಿದ್ದ ಆದೇಶದ ಸಂಖ್ಯೆ, ದಿನಾಂಕಗಳನ್ನು ಹಾಗೆಯೇ ಎತ್ತಿ ಬರೆದು ಮೇಲಕ್ಕೆ ಕಳಿಸಿದೆ. ಆ ಆದೇಶ ಅಷ್ಟರಲ್ಲಿ ತಿದ್ದುಪಡಿಯಾಗಿತ್ತು. ತಿದ್ದುಪಡಿಯ ಪ್ರತಿ ಗಾರ್ಡ್ ಫೈಲಿನಲ್ಲಿಯೇ ಇತ್ತು. ನಾನು ತೆರೆದು ನೋಡಿರಲಿಲ್ಲ. ಆಕ್ಷೇಪಣೆಯೊಂದಿಗೆ ಕಡತ ಹಿಂತಿರುಗಿತು. ನಾಲ್ಕು ತಿಂಗಳು ಆ ತಾಯಿ ಕಚೇರಿಯ ಮೆಟ್ಟಿಲು ಹತ್ತಿ ಇಳಿದರು. ಮೇಲಧಿಕಾರಿಗಳು ಬೈಯಲಿಲ್ಲ. “ಆದೇಶವನ್ನು ಓದಿದ್ದಿರಾ?” ಎಂದಷ್ಟೇ ಕೇಳಿದರು. ಆ ಪ್ರಶ್ನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಯಂತ್ರವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ‘ಸೈಕ್’ ಎಂಬ ಗೂಢಲಿಪಿ ಪದ್ಧತಿಯನ್ನು ಹಲವು ವರ್ಷ ಭದ್ರವೆಂದೇ ನಂಬಿದ್ದರು. ಅಮೆರಿಕದ ಮಾನಕ ಸಂಸ್ಥೆಯ ಆಯ್ಕೆಯಲ್ಲಿ ಅದು ನಾಲ್ಕನೆಯ ಸುತ್ತಿನವರೆಗೂ ಬಂದಿತ್ತು. 2022ರಲ್ಲಿ ಬೆಲ್ಜಿಯಂನ ಕಾಸ್ಟ್ರಿಕ್ ಮತ್ತು ಡೆಕ್ರು ಎಂಬಿಬ್ಬರು ಅದರ ಒಂದು ಮಾದರಿಯನ್ನು ಸಾಧಾರಣ ಕಂಪ್ಯೂಟರಿನಲ್ಲಿ ಸುಮಾರು ಒಂದು ಗಂಟೆಯಲ್ಲಿ ಮುರಿದರು. ಅವರಿಗೆ ನೆರವಾದದ್ದು ಅರ್ನ್ಸ್ಟ್ ಕಾನಿ ಎಂಬ ಗಣಿತಜ್ಞರ 1997ರ ಒಂದು ಪ್ರಮೇಯ. ಇಪ್ಪತ್ತೈದು ವರ್ಷ ಅದು ಎಲ್ಲರ ಕಣ್ಣೆದುರಿಗೇ ಇತ್ತು! ಇಂಥದನ್ನು ಹುಡುಕಿ ಮುಂದಿಡುವ ಸಾಧನಕ್ಕೆ ನಮಸ್ಕರಿಸಬೇಕಾದುದೇ.

ಆದರೆ ಇನ್ನೊಂದು ಪ್ರಸಂಗವೂ ಇದೆ. 2024ರ ಏಪ್ರಿಲ್‌ನಲ್ಲಿ ಯಿಲೇ ಚೆನ್ ಎಂಬ ಸಂಶೋಧಕರು ಅದೇ ಭಂಡಾರದಲ್ಲಿ ಒಂದು ಪ್ರಬಂಧ ಇಟ್ಟರು. ಮುಂದಿನ ಕಾಲಕ್ಕೆಂದು ಸಿದ್ಧವಾಗುತ್ತಿದ್ದ ಗೂಢಲಿಪಿಗಳ ಬುನಾದಿಯನ್ನೇ ಕ್ವಾಂಟಮ್ ಕಂಪ್ಯೂಟರ್ ಅಲುಗಿಸಬಲ್ಲದೋ ಎಂಬ ಭಯ ಅದರಿಂದ ಹುಟ್ಟಿತು. ಎಂಟು ದಿನಗಳಲ್ಲಿ ಇಬ್ಬರು ಓದುಗರು, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ, ಒಂಬತ್ತನೆಯ ಹೆಜ್ಜೆಯಲ್ಲಿ ತಪ್ಪು ಕಂಡುಹಿಡಿದರು. ಚೆನ್ ಅವರು ಮುಚ್ಚಿಡಲಿಲ್ಲ. ತಪ್ಪಿದೆ, ಸರಿಪಡಿಸುವ ದಾರಿ ತಿಳಿಯದು ಎಂದು ಪ್ರಬಂಧದಲ್ಲಿಯೇ ಬರೆದರು. ಪ್ರಬಂಧ ಈಗಲೂ ಭಂಡಾರದಲ್ಲಿದೆ. ಹಳೆಯ ಪ್ರತಿಯನ್ನಷ್ಟೇ ನೋಡಿದ ಸಹಾಯಕ, ಯಂತ್ರವಾಗಲಿ ಗುಮಾಸ್ತನಾಗಲಿ, ಏನು ಟಿಪ್ಪಣಿ ಬರೆದಾನು?

ಒಂಬತ್ತನೆಯ ಹೆಜ್ಜೆಯವರೆಗೆ ನಡೆದುಹೋಗಿ ನೋಡಿದವರು ಇದ್ದುದರಿಂದಲೇ ಆ ತಪ್ಪು ಸಿಕ್ಕಿತು. ಹುಡುಕುವ ಶ್ರಮವನ್ನು ಬೇರೆಯವರಿಗೆ ಒಪ್ಪಿಸಬಹುದು. ನಾಳೆ ಯಂತ್ರಗಳು ನಮಗಿಂತ ಚೆನ್ನಾಗಿ ತಪ್ಪು ಹಿಡಿಯಲೂಬಹುದು. ಆದರೂ “ಇದು ಸರಿ” ಎಂದು ಸಹಿ ಹಾಕುವವನು ತಾನು ಎಷ್ಟು ನೋಡಿದ್ದೇನೆ, ಎಷ್ಟನ್ನು ನಂಬಿಕೆಯ ಮೇಲೆ ಬಿಟ್ಟಿದ್ದೇನೆ ಎಂಬುದನ್ನು ಅರಿತಿರಬೇಡವೇ? ನಾವು ಓದದೆ ಬಿಟ್ಟುದರ ದಂಡ ತೆರುವವರು ನಮ್ಮ ಮೇಜಿನ ಎದುರು ಇರುವುದಿಲ್ಲ. ಆದೇಶದ ಭಾಷೆ ಆ ವಿಧವೆಗೆ ತಿಳಿಯದು. ಗೂಢಲಿಪಿಯ ಗಣಿತ ಊರಿನಲ್ಲಿರುವ ನನ್ನ ತಾಯಿಗೆ ತಿಳಿಯದು. ಯಾರೋ ಓದಿ ನೋಡಿದ್ದಾರೆಂಬ ಭರವಸೆಯ ಮೇಲೆ ಅವರು ಬದುಕುತ್ತಾರೆ.

ನಮ್ಮ ಮನೆಗಳ ಮಕ್ಕಳು ಇಂಥ ಸಾಧನಗಳನ್ನು ಬಳಸಿಯೇ ಮುಂದೆ ಬರಬೇಕು, ಬರಲಿ. ಬೇಡವೆನ್ನಲು ನಾನು ಯಾರು? ಹುಡುಗನಿಗೆ ನಾನು ಹೇಳಿದ್ದು ಇಷ್ಟೇ: “ಅದು ತಂದುಕೊಟ್ಟದ್ದರಲ್ಲಿ ಯಾವುದನ್ನು ನೀನೇ ಓದಿದ್ದೀಯೋ ಅದರ ಪಕ್ಕದಲ್ಲಿ ಒಂದು ಗುರುತು ಹಾಕು. ಓದದೆ ಇದ್ದುದರ ಪಕ್ಕದಲ್ಲಿ ಹಾಕಬೇಡ.” ಸಂಜೆ ನೋಡಿದಾಗ ಹದಿನಾಲ್ಕರಲ್ಲಿ ಎರಡಕ್ಕೆ ಗುರುತಿತ್ತು. ಆ ಎರಡಾದರೂ ಸುಳ್ಳಲ್ಲವೆಂದು ನನಗೆ ಸಮಾಧಾನವಾಯಿತು.