ಬೆನ್ನಿನ ಮೇಲಿನ ಕಪ್ಪು ಗುರುತು



ಊರಿಗೆ ಬೇಕಾದವರೊಬ್ಬರು ತೀರಿಕೊಂಡಾಗ ಮಸೀದಿಯ ಅಂಗಳದಲ್ಲಿ ನಡೆಯುವುದನ್ನು ನೀವು ನೋಡಿಯೇ ಇರುತ್ತೀರಿ. ಜನಾಝ ನಮಾಝಿಗೆ ಸಾಲು ಸಾಲಾಗಿ ಜನ ಸೇರುತ್ತಾರೆ. ಮರ್ಹೂಮರು ಯಾರಿಗಾದರೂ ಏನಾದರೂ ಕೊಡಲಿಕ್ಕಿದ್ದರೆ ಮಕ್ಕಳನ್ನು ಕಾಣಬೇಕೆಂದು ಪ್ರಕಟಿಸಲಾಗುತ್ತದೆ. ಮಣ್ಣು ಹಾಕಿ ಮರಳುವಾಗ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಒಳ್ಳೆಯ ಮನುಷ್ಯ.’

ಇದು ಹಗುರವಾದ ಮಾತಲ್ಲ. ಪ್ರವಾದಿವರ್ಯರ(ಸ) ಮುಂದಿನಿಂದ ಒಮ್ಮೆ ಒಂದು ಜನಾಝ ಹಾದುಹೋಯಿತು. ಅಲ್ಲಿದ್ದವರು ಮೃತನ ಒಳಿತನ್ನು ಹೇಳಿದರು. ಅದು ಖಚಿತವಾಯಿತೆಂದು ಪ್ರವಾದಿವರ್ಯರು(ಸ) ನುಡಿದರು. ಇನ್ನೊಂದು ಜನಾಝ ಬಂತು. ಆತನ ಕೆಡುಕನ್ನು ಹೇಳಿದರು. ಆಗಲೂ ಅದೇ ಮಾತನ್ನು ನುಡಿದರು. ಉಮರ್(ರ) ಅದರ ಅರ್ಥವನ್ನು ಕೇಳಿದಾಗ, ಒಬ್ಬನಿಗೆ ಸ್ವರ್ಗವೂ ಇನ್ನೊಬ್ಬನಿಗೆ ನರಕವೂ ಖಚಿತವಾಯಿತೆಂದೂ, ನೀವು ಭೂಮಿಯಲ್ಲಿ ಅಲ್ಲಾಹನ ಸಾಕ್ಷಿಗಳೆಂದೂ ವಿವರಿಸಿದರು. ಅನಸ್(ರ) ವರದಿ ಮಾಡಿದ ಈ ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ.

ಸಾಕ್ಷಿ ಹೇಳುವವನಿಗೆ ವಿಷಯ ತಿಳಿದಿರಬೇಕಲ್ಲವೇ? ನಮ್ಮ ಜಮಾಅತಿನವರ ಬಗ್ಗೆ ನಮಗೆಷ್ಟು ತಿಳಿದಿದೆ? ಮಸೀದಿಯ ಫ್ಯಾನಿನ ರೆಕ್ಕೆಯ ಮೇಲೆ, ಗೋಡೆ ಗಡಿಯಾರದ ಮೇಲೆ ಬರೆದ ಹೆಸರುಗಳು ತಿಳಿದಿವೆ. ನಮಾಝಿನಲ್ಲಿ ತಲೆಯೆತ್ತಿದರೆ ಫ್ಯಾನಿನೊಂದಿಗೆ ದಾನಿಯ ಹೆಸರೂ ತಿರುಗುತ್ತಿರುತ್ತದೆ! ಹೆಸರಿಲ್ಲದೆ ಕೊಟ್ಟವನ ವಿಷಯ ಯಾರಿಗೆ ಗೊತ್ತು?

ಈ ಪ್ರಶ್ನೆ ಎದ್ದಾಗಲೆಲ್ಲ ನನಗೆ ಮದೀನದ ಅಲಿ ಬಿನ್ ಹುಸೈನ್‌ರ ನೆನಪಾಗುತ್ತದೆ. ಅವರನ್ನು ಝೈನುಲ್ ಆಬಿದೀನ್ ಎಂದರೆ ಎಲ್ಲರಿಗೂ ಗೊತ್ತು. ಹಝ್ರತ್ ಹುಸೈನ್(ರ)ರ ಮಗ. ಹಿಜರಿ 61ರಲ್ಲಿ ಕರ್ಬಲಾದಲ್ಲಿ ತಂದೆ, ಸಹೋದರರು, ಬಂಧುಗಳು ಕಣ್ಣೆದುರೇ ಹುತಾತ್ಮರಾದಾಗ ಕಾಯಿಲೆಯಿಂದ ಮಲಗಿದ್ದ ಕಾರಣ ಬದುಕುಳಿದ ಯುವಕ. ಅಷ್ಟೊಂದು ಅನ್ಯಾಯವನ್ನು ಕಂಡವರು ಲೋಕದ ಮೇಲೆ ಮುನಿದು ಕುಳಿತಿದ್ದರೂ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ಮಾಡಿದ್ದೇ ಬೇರೆ.

ಆ ಕಾಲದ ಮದೀನದಲ್ಲಿ ಕೆಲವು ಬಡ ಕುಟುಂಬಗಳಿಗೆ ರಾತ್ರಿಯ ಹೊತ್ತು ಬಾಗಿಲಿಗೇ ಆಹಾರ ಬರುತ್ತಿತ್ತು. ತಂದವರು ಯಾರೆಂದು ಅವರಿಗೆ ತಿಳಿಯುತ್ತಿರಲಿಲ್ಲ. ಇತ್ತ ಹಗಲಿನಲ್ಲಿ ಅದೇ ಊರಿನ ಜನರು ಝೈನುಲ್ ಆಬಿದೀನ್‌ರನ್ನು ಜಿಪುಣರೆಂದು ಆಡಿಕೊಳ್ಳುತ್ತಿದ್ದರು. ಚರಿತ್ರೆಕಾರರೇ ಇದನ್ನು ದಾಖಲಿಸಿದ್ದಾರೆ. ಅವರು ಒಮ್ಮೆಯೂ ತನ್ನನ್ನು ಸಮರ್ಥಿಸಿಕೊಳ್ಳಲಿಲ್ಲ. ಗುಟ್ಟಾಗಿ ಕೊಟ್ಟ ದಾನವು ಪ್ರಭುವಿನ ಕೋಪವನ್ನು ತಣಿಸುತ್ತದೆಂದಷ್ಟೇ ಹೇಳುತ್ತಿದ್ದರಂತೆ.

ಹಿಜರಿ 94ರ ಸುಮಾರಿಗೆ ಅವರು ಮರಣ ಹೊಂದಿದರು. ಮಯ್ಯಿತ್ ಸ್ನಾನ ಮಾಡಿಸುವವರು ದೇಹವನ್ನು ಹೊರಳಿಸಿದಾಗ ಬೆನ್ನಿನ ಮೇಲೆ ಕಪ್ಪು ಗುರುತುಗಳು ಕಂಡವು. ಇದೇನೆಂದು ಕೇಳಿದರು. ರಾತ್ರಿ ಹಿಟ್ಟಿನ ಚೀಲಗಳನ್ನು ಹೊತ್ತು ಬಡವರ ಮನೆಗಳಿಗೆ ಮುಟ್ಟಿಸುತ್ತಿದ್ದುದರ ಗುರುತೆಂದು ತಿಳಿದುಬಂತು. ಅದೇ ದಿನಗಳಲ್ಲಿ ಊರಿನ ಬಾಗಿಲುಗಳಿಗೆ ಬರುತ್ತಿದ್ದ ಆಹಾರ ನಿಂತುಹೋಯಿತು. ಲೆಕ್ಕ ಹಾಕಿದಾಗ ನೂರು ಮನೆಗಳು ಅವರ ಆಸರೆಯಲ್ಲಿದ್ದುವು. ಜಿಪುಣನೆಂದವರು ಆಗ ಏನೆಂದರೋ ಗೊತ್ತಿಲ್ಲ. ಬಖೀಅ್‌ನಲ್ಲಿ ದೊಡ್ಡಪ್ಪ ಹಸನ್(ರ)ರ ಪಕ್ಕದಲ್ಲಿ ಅವರನ್ನು ದಫನ ಮಾಡಲಾಯಿತು.

ಸ್ನಾನ ಮಾಡಿಸಿದವರು ಕಂಡದ್ದನ್ನು ಹೊರಗೆ ಹೇಳಿದ್ದು ಸರಿಯೇ ಎಂದು ಯಾರಾದರೂ ಕೇಳಬಹುದು. ಫಿಕ್ಹ್ ಗ್ರಂಥಗಳಲ್ಲಿ ಇದಕ್ಕೆ ಸ್ಪಷ್ಟ ಉತ್ತರವಿದೆ. ಮಯ್ಯಿತ್ತಿನಲ್ಲಿ ಕೆಡುಕಿನ ಚಿಹ್ನೆ ಕಂಡರೆ ಬಾಯಿ ಬಿಡಕೂಡದು. ಒಳಿತಿನ ಚಿಹ್ನೆ ಕಂಡರೆ ಹೇಳುವುದು ಒಳ್ಳೆಯದು. ಬದುಕಿರುವಾಗ ಹೊಗಳಿಕೆಯಿಂದ ಕೆಡಬಹುದಾದ ಮನುಷ್ಯ ಸತ್ತ ಮೇಲೆ ಕೆಡುವುದಿಲ್ಲವಲ್ಲ! ಕೇಳಿದವರು ಅವನಿಗಾಗಿ ದುಆ ಮಾಡುತ್ತಾರೆ.

ಈ ಮಸ್‌ಅಲ ನನಗೆ ಬರೇ ಪಾಠವಾಗಿ ಉಳಿಯಲಿಲ್ಲ. ನಾನು ಕಲಿಸುವ ಊರಿನಲ್ಲಿ ವಯಸ್ಸಾದ ವ್ಯಾಪಾರಿಯೊಬ್ಬರಿದ್ದರು. ಪ್ರತಿ ತಿಂಗಳ ಮೊದಲ ಶುಕ್ರವಾರ ಅಸರ್ ನಮಾಝಿನ ಬಳಿಕ ನನ್ನ ಕೈಗೆ ಎರಡು ಲಕೋಟೆ ಇಡುತ್ತಿದ್ದರು. ‘ಉಸ್ತಾದರೇ, ನಾನೇ ಹೋದರೆ ಆ ಮನೆಯವರು ನನ್ನ ಮುಖ ನೋಡಿ ತಲೆ ತಗ್ಗಿಸಬೇಕಾಗುತ್ತದೆ. ನೀವೇ ಕೊಟ್ಟುಬಿಡಿ. ಯಾರದೆಂದು ಹೇಳಬೇಡಿ’ ಎನ್ನುತ್ತಿದ್ದರು. ಮಸೀದಿಯ ದುರಸ್ತಿಗೆ ಚಂದಾ ಎತ್ತಿದಾಗ ಅವರು ಬರೆಸಿದ್ದು ನೂರು ರೂಪಾಯಿ. ಸಭೆಯಲ್ಲಿ ಒಬ್ಬರು ನಕ್ಕರು. ಕಬರಿಗೆ ಗಂಟು ಹೊತ್ತೊಯ್ಯುವರೇ ಎಂದು ಇನ್ನೊಬ್ಬರು ಕೇಳಿದರು. ನಾನು ಸುಮ್ಮನೆ ಕುಳಿತಿದ್ದೆ. ಮಾತು ಕೊಟ್ಟಿದ್ದೆನಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಅದು ನೆಪವಾಗಿತ್ತು. ಗುಟ್ಟನ್ನು ಬಿಡಿಸದೆಯೇ ಆ ಮಾತನ್ನು ತಡೆಯಬಹುದಿತ್ತು. ಅವರ ವಿಷಯ ನಮಗೇನು ಗೊತ್ತು, ಪರದೂಷಣೆ ಬೇಡ ಎಂದಿದ್ದರೆ ಸಾಕಿತ್ತು. ಗೈರುಹಾಜರಾದ ಸಹೋದರನ ಮಾನವನ್ನು ಕಾಯ್ದವನ ಮುಖವನ್ನು ಅಲ್ಲಾಹನು ನರಕಾಗ್ನಿಯಿಂದ ಕಾಯುವನೆಂದು ಮಕ್ಕಳಿಗೆ ಕಲಿಸಿದ್ದೂ ನಾನೇ. ಅವರಿಂದ ಕ್ಷಮೆ ಕೇಳೋಣವೆಂದುಕೊಂಡೆ. ಆದರೆ ಆಡಿದ್ದನ್ನು ಅವರಿಗೆ ಹೇಳಿ ನೋಯಿಸಬೇಕೇ ಎಂದು ಮುಂದೂಡಿದೆ. ಅಷ್ಟರಲ್ಲಿ ಅವರು ಹೊರಟುಹೋದರು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್.

ಜನಾಝದ ದಿನ ‘ಒಳ್ಳೆಯ ಮನುಷ್ಯ’ ಎಂದವರಲ್ಲಿ ಅಂದು ನಕ್ಕವರೂ ಇದ್ದರು. ಅವರ ಸಾಕ್ಷ್ಯ ಸುಳ್ಳಾಗಿರಲಿಲ್ಲ, ಆದರೆ ಅದು ನಿಜವೆಂದು ಅವರಿಗೇ ತಿಳಿದಿರಲಿಲ್ಲ. ನಾನು ನನ್ನ ಗುರುಗಳನ್ನು ಕಂಡು ಎಲ್ಲವನ್ನೂ ಹೇಳಿದೆ. ಕೊಟ್ಟವರ ಒಳಿತನ್ನು ಈಗ ಹೇಳಬಹುದು, ಪಡೆದವರ ಹೆಸರನ್ನು ಎಂದಿಗೂ ಹೇಳಕೂಡದು ಎಂದರು. ಆಮೇಲೆ ಅವರು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ: ‘ಈ ತಿಂಗಳು ಆ ಎರಡು ಮನೆಗಳಿಗೆ ಏನು ಮಾಡಿದ್ದೀಯಾ?’

ನಿಮ್ಮ ಮೊಹಲ್ಲಾದಲ್ಲೂ ಈ ವರ್ಷ ಯಾರಾದರೂ ಹೀಗೆ ಹೋಗಿರಬಹುದು. ಅವರಿಗಾಗಿ ಯಾಸೀನ್ ಓದಿಸಿರಬಹುದು, ಸಂತಾಪ ಸಭೆಯನ್ನೂ ನಡೆಸಿರಬಹುದು. ಅವರು ಹೋದ ಮೇಲೆ ಯಾವ ಮನೆಯ ಒಲೆ ತಡವಾಗಿ ಉರಿಯುತ್ತಿದೆ, ಯಾವ ಮಗು ಶಾಲೆ ಬಿಟ್ಟಿದೆ, ಯಾವ ಮುದುಕಿ ಔಷಧದ ಚೀಟಿಯನ್ನು ಮಡಚಿ ಇಟ್ಟುಕೊಂಡಿದ್ದಾಳೆ ಎಂದು ಸ್ವಲ್ಪ ಗಮನಿಸಿರಿ. ಸಭೆಯಲ್ಲಿ ಕೇಳಬೇಡಿ. ಕೇಳಿದರೆ ಯಾರೂ ಕೈ ಎತ್ತುವುದಿಲ್ಲ. ಮಹಿಳೆಯರಿಗೆ ಇದು ನಮಗಿಂತ ಬೇಗ ತಿಳಿಯುತ್ತದೆ, ಮನೆಯಲ್ಲಿ ವಿಚಾರಿಸಿರಿ.

ನಾನು ಆ ವ್ಯಾಪಾರಿಯವರ ಮಗನನ್ನು ಕಂಡೆ. ಲಕೋಟೆಯ ವಿಷಯ ಅವರಿಗೂ ತಿಳಿದಿರಲಿಲ್ಲ. ಬಹಳ ಹೊತ್ತು ಮಾತಾಡಲಿಲ್ಲ. ಮನೆ ಯಾವುದೆಂದೂ ಕೇಳಲಿಲ್ಲ. ಅಂಗಡಿಯ ಮೇಲೆ ಸಾಲವಿದೆ, ಸದ್ಯ ಒಂದನ್ನು ಮಾತ್ರ ಹೊರಬಲ್ಲೆ ಎಂದರು. ಅಲ್ಲಾಹನು ಸ್ವೀಕರಿಸಲಿ. ಇನ್ನೊಂದು ಲಕೋಟೆಗೆ ಇದನ್ನು ಬರೆಯುವ ಹೊತ್ತಿಗೂ ಯಾರೂ ಆಗಿಲ್ಲ. ಬರುವ ಶುಕ್ರವಾರ ತಿಂಗಳ ಮೊದಲನೆಯದು.